ರಕ್ತದ ಮಾತ್ರೆ ಎಂದು ಹೇಳಿದ್ದು

ಅದು ರಕ್ತದ ಮಾತ್ರೆ ಆಗಿರಲಿಲ್ಲ, ಗುಲಾಬಿ. ನನಗೆ ಗೊತ್ತಿತ್ತು — ಮೊದಲ ದಿನದಿಂದಲೇ ಗೊತ್ತಿತ್ತು. ಹೋದ ತಿಂಗಳು ನರಸಿಂಹರಾಜಪುರದ ಬಸ್ ನಿಲ್ದಾಣದಲ್ಲಿ ನೀನು ನನ್ನ ಕೈಯಿಂದ ಚೀಲ ಇಸಿದುಕೊಂಡು, ಬೆಂಚಿನ ಮೇಲೆ ಜಾಗ ಮಾಡಿ ಕೂರಿಸಿ, "ನಿಮಗೂ ಗೊತ್ತಿರಲಿಲ್ಲ ಬಿಡಿ ಅಣ್ಣ, ಪಾಪ" ಎಂದೆ. ನಾನು ಹೌದೆಂಬಂತೆ ತಲೆಯಾಡಿಸಿದೆ. ಏಳು ವರ್ಷದ ಹಿಂದೆ ಹೇಳಿದ ಸುಳ್ಳಿಗಿಂತ ಆ ತಲೆಯಾಡಿಸಿದ್ದು ದೊಡ್ಡ ಸುಳ್ಳು. ಅವತ್ತಿನಿಂದ ಅನ್ನ ಸರಿಯಾಗಿ ಇಳಿಯುತ್ತಿಲ್ಲ. ಇಳಿಯದಿದ್ದರೆ ನಿನಗೇನು — ಅದನ್ನು ಇಲ್ಲಿ ಬರೆಯಬಾರದಿತ್ತು.

ನಿನಗೆ ಓದಲು ಬರುವುದಿಲ್ಲ. ಈ ಕಾಗದವನ್ನು ನಿನ್ನ ಮಗಳು ಆಶಾಳೇ ಓದಿ ಹೇಳಬೇಕು. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ. ಅವಳಿಗೆ ಆಗ ಹನ್ನೆರಡು ವರ್ಷ. ಯಾವುದು ಯಾಕಾಯಿತು ಎಂದು ಅವಳಿಗೆ ಯಾರೂ ಹೇಳಿರಲಿಕ್ಕಿಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮಲೇರಿಯಾ ಕೆಲಸಕ್ಕೆ ಸೇರಿದವನು. ಮೂವತ್ತು ವರ್ಷ ಮನೆಮನೆ ತಿರುಗಿ, ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಚೂರಿನ ಮೇಲೆ ಸವರಿಕೊಂಡು, ಬಾಗಿಲ ಪಕ್ಕದ ಗೋಡೆಯ ಮೇಲೆ ಬಂದ ತಾರೀಖು ಬರೆದು ಹೋಗುವುದು ನನ್ನ ಕೆಲಸ. ಸೀತೂರಿನ ಆಚೆ ನಿಮ್ಮ ಕಾಲೋನಿಯಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ನಾನು 'ಮಲೇರಿಯಾ ಅಣ್ಣ'. ರಕ್ತದ ವಿಷಯಕ್ಕೆ ನಾನು ಹೇಳಿದ್ದೇ ಸರಿ ಎಂದು ನೀವೆಲ್ಲ ನಂಬಿದ್ದಿರಿ. ಆ ನಂಬಿಕೆಯನ್ನೇ ನಾನು ಬಳಸಿಕೊಂಡದ್ದು.

ನಿವೃತ್ತನಾದ ಮಾರನೇ ವರ್ಷ ಕೆಲವು ವೈದ್ಯರು ಸೇರಿ ನಮ್ಮ ಮೂರು ತಾಲೂಕುಗಳಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಕೂಲಿಯವರು, ಕಾಲೋನಿಯವರು, ಕಾಡಂಚಿನವರು — ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತದವರಲ್ಲಿ ಮನಸ್ಸಿನ ಕಾಯಿಲೆ ಹೇಗಿದೆ, ಊರ ಹತ್ತಿರದ ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಮಾತ್ರೆ ಕೊಟ್ಟು ಅದನ್ನು ವಾಸಿ ಮಾಡಬಹುದೇ ಎಂದು ನೋಡುವುದು ಅವರ ಉದ್ದೇಶ. ಮನೆಗಳ ಗುರುತಿದ್ದವನು ಬೇಕಿತ್ತು. ನನ್ನನ್ನು ಕರೆದರು.

ಕೊಪ್ಪದಲ್ಲಿ ಮೂರು ದಿನ ತರಬೇತಿ. ಕಲಿಸಿದ ಡಾಕ್ಟರ್ ಮೇಡಂ ಚಿಕ್ಕ ವಯಸ್ಸಿನವರು, ದನಿ ಏರಿಸಿ ಮಾತಾಡಿದವರಲ್ಲ. ಒಂದೇ ಮಾತನ್ನು ದಿನಾ ಹೇಳಿದರು: ಇದು ಮನಸ್ಸಿನ ಕಾಯಿಲೆ ಎಂದು ಬಾಯಿಬಿಟ್ಟು ಹೇಳಬೇಕು, ಇದರಲ್ಲಿ ನಾಚಿಕೆ ಇಲ್ಲ ಎನ್ನಬೇಕು, ವಾಸಿಯಾದಂತೆ ಕಂಡರೂ ಆರು ತಿಂಗಳಾದರೂ ಮಾತ್ರೆ ಬಿಡಬಾರದು ಎಂದು ತಿಳಿಸಬೇಕು. ಹೆಬ್ಬೆಟ್ಟು ಒತ್ತಿಸುವ ಮೊದಲು ಒಂದು ಪುಟ ಪೂರ್ತಿ ಓದಿ ಹೇಳಬೇಕು. ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಅಕ್ಷರ ನನ್ನದೇ. ತಿಳಿಯದೆ ಮಾಡಿದೆ ಎನ್ನಲು ನನಗೆ ದಾರಿಯಿಲ್ಲ.

ಮೊದಲ ಮನೆ ಕೊಪ್ಪ ಕಡೆಯ ನಾರ್ವೆ ಹಳ್ಳಿಯಲ್ಲಿ. ಅಲ್ಲಿ ಪುಟ ಪೂರ್ತಿ ಓದಿದೆ. ಮನೆಯ ಯಜಮಾನ ಎದ್ದು ನಿಂತ. "ನಮ್ಮನೇಲಿ ಯಾರಿಗೆ ತಲೆ ಕೆಟ್ಟಿದೆ ಅಂತ ಹುಡುಕ್ಕಂಡು ಬಂದ್ರಿ? ಮೊದ್ಲು ನಿಮ್ಮನೇಲಿ ನೋಡ್ಕಳಿ" ಎಂದ. ಸುದ್ದಿ ನನಗಿಂತ ಮೊದಲೇ ಚಹಾದಂಗಡಿ ತಲುಪಿತ್ತು. "ಎಂತ ಮಾರಾಯ, ಸೊಳ್ಳೆ ಹಿಡಿಯೋದು ಮುಗೀತು, ಈಗ ಹುಚ್ಚು ಹಿಡಿಯೋ ಇಲಾಖೆಯಾ?" ಎಂದು ಒಬ್ಬ ಕೇಳಿದ; ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂವತ್ತು ವರ್ಷ ಮರ್ಯಾದೆಯಿಂದ ತಿರುಗಿದ ಊರು. ಮಾರನೇ ದಿನದಿಂದ ಮನಸ್ಸಿನ ಕಾಯಿಲೆ ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. "ನಿಶ್ಶಕ್ತಿಗೆ, ರಕ್ತ ಆಗೋದಕ್ಕೆ" ಎಂದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ತಿಂಗಳ ಸಭೆಯಲ್ಲಿ ಮೇಡಂ, ನಿಮ್ಮ ಕಡೆ ಆ ಒಂದು ಮನೆ ಬಿಟ್ಟು ಒಬ್ಬರೂ ಬೇಡ ಅಂದಿಲ್ಲವಲ್ಲ, ಹೇಗೆ ಮಾಡ್ತೀರಿ ಎಂದು ಎಲ್ಲರೆದುರು ಕೇಳಿದರು. ಹಳೇ ಪರಿಚಯ ಮೇಡಂ, ಎಂದೆ. ಆ ಹೊಗಳಿಕೆ ನನಗೆ ಹಿತವಾಗಿತ್ತು ಎಂಬುದನ್ನೂ ಮುಚ್ಚಿಡಬಾರದು.

ಆಮೇಲೆ ನೀನು. ನೀನು ಕೆಲಸಕ್ಕೆ ಹೋಗದೆ ಎರಡು ತಿಂಗಳಾಗಿತ್ತು. ಒಲೆ ಹಚ್ಚಲು ಕೂತವಳು ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದು ಹಾಗೇ ಕೂತಿರುತ್ತಿದ್ದೆಯಂತೆ. ಆರೋಗ್ಯ ಕೇಂದ್ರದಲ್ಲಿ ಮೇಡಂ ಕೇಳಿದ್ದಕ್ಕೆಲ್ಲ ನೀನು ಎದೆ ಭಾರ, ಮೈ ಸೋಲುತ್ತೆ, ನಿದ್ದೆ ಇಲ್ಲ — ಇಷ್ಟೇ ಹೇಳಿದೆ. ಅವರು ಮಾತ್ರೆ ಬರೆದು, "ಇವರಿಗೆ ಅರ್ಥ ಆಗೋ ಹಾಗೆ ನೀವೇ ಬಿಡಿಸಿ ಹೇಳಿ" ಎಂದು ನನಗೆ ಒಪ್ಪಿಸಿದರು. ನನಗೆ ಒಪ್ಪಿಸಿದರು, ಗುಲಾಬಿ. ಹೊರಗಿನ ಜಗಲಿಯಲ್ಲಿ ನಿನ್ನ ಗಂಡ ಮಂಜಪ್ಪ ನಿಂತಿದ್ದ, ಪಕ್ಕದ ಮನೆಯವರು ಇಬ್ಬರಿದ್ದರು. "ರಕ್ತದ ಮಾತ್ರೆ. ದಿನಾ ಊಟ ಆದ ಮೇಲೆ ಒಂದು" ಎಂದೆ. ಅಷ್ಟೇ. ಒಂದು ಪುಟದ ಬದಲು ಅಷ್ಟೇ.

ಎರಡನೇ ತಿಂಗಳು ಮಾತ್ರೆ ತಂದಾಗ ನೀನು ಅಂಗಳ ಸಾರಿಸುತ್ತಿದ್ದೆ. ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತು, "ಅಲ್ಲ ಅಣ್ಣ, ಇಷ್ಟು ವರ್ಷ ನಮ್ಮ ರಕ್ತ ತಗಂಡು ಹೋಗ್ತಿದ್ರಿ, ಈಗ ತಿರುಗಿ ಕೊಡೋಕೆ ಬಂದ್ರಾ?" ಎಂದು ನಕ್ಕೆ. ನೀನು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಮಾತ್ರೆ ಕೆಲಸ ಮಾಡುತ್ತಿತ್ತು. ಏನೆಂದು ಹೇಳಿ ಕೊಟ್ಟರೇನು, ವಾಸಿಯಾದರೆ ಸಾಕಲ್ಲ — ಎಂದುಕೊಂಡು ದಾರಿಯುದ್ದಕ್ಕೂ ಖುಷಿಯಲ್ಲೇ ನಡೆದೆ.

ಮೂರನೇ ತಿಂಗಳು ಅಂಗನವಾಡಿಯಲ್ಲಿ ಸಿಸ್ಟರ್ ಹೆಂಗಸರಿಗೆಲ್ಲ ರಕ್ತ ನೋಡಿದರು. ನಿನಗೂ ನೋಡಿದರು. ರಕ್ತ ಚೆನ್ನಾಗಿದೆ ಎಂದರು. ಅವರು ಹೇಳಿದ್ದು ನಿಜವೇ, ಅವರಲ್ಲಿ ತಪ್ಪಿಲ್ಲ. ನಾನು ಬಂದಾಗ ನೀನು ಮಾತ್ರೆಯ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟೆ. "ನಂಗೆ ಸಾಕಾಯ್ತು ಅಣ್ಣ. ಕೆಳಗಿನ ಮನೆ ಬಸುರಿ ಹುಡುಗಿಗೆ ರಕ್ತ ಇಲ್ವಂತೆ, ಅವಳಿಗೆ ಕೊಡಿ."

ಆ ಹೊತ್ತು ನನ್ನ ಕೈಯಲ್ಲಿತ್ತು. ಮಂಜಪ್ಪ ಅಲ್ಲೇ ಕತ್ತಿ ಮಸೆಯುತ್ತಿದ್ದ. ನಿನ್ನನ್ನು ಪಕ್ಕಕ್ಕೆ ಕರೆದು, ಇದು ರಕ್ತಕ್ಕಲ್ಲ ತಾಯಿ, ಮನಸ್ಸಿಗೆ, ಇನ್ನೂ ಮೂರು ತಿಂಗಳು ಬೇಕು ಎಂದಿದ್ದರೆ — ಏನಾಗುತ್ತಿತ್ತು? ನೀನು ನನ್ನನ್ನು ಸುಳ್ಳುಗಾರ ಎನ್ನುತ್ತಿದ್ದೆ. ಅಷ್ಟೇ ಆಗುತ್ತಿದ್ದದ್ದು. ಅಷ್ಟಕ್ಕೆ ಹೆದರಿ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡೆ. "ಆಯ್ತು" ಎಂದೆ. ಬಸುರಿ ಹುಡುಗಿಗೆ ಕೊಡಲಿಲ್ಲ. ಅಷ್ಟು ಬುದ್ಧಿ ಉಳಿದಿತ್ತು. ಸುಸ್ತು ಎಂದವರಿಗೆಲ್ಲ ನೀನೇ ಹಂಚಿದ್ದರೆ ಆ ಪಾಪವೂ ನನ್ನದೇ ಆಗುತ್ತಿತ್ತು.

ಅಧ್ಯಯನದ ಪುಸ್ತಕದಲ್ಲಿ 'ತಾವಾಗಿಯೇ ಬಿಟ್ಟಿದ್ದಾರೆ' ಎಂದು ಬರೆದೆ. ನಾನು ತಿರುಗುವ ಊರುಗಳಲ್ಲಿ ಇನ್ನೂ ಕೆಲವರು ಹೀಗೇ ಬಿಟ್ಟಿದ್ದರು. ಕೊಪ್ಪದ ಸಭೆಯಲ್ಲಿ ಮೇಡಂ ಬೇಸರದಿಂದ, ಯಾಕೆ ಬಿಡ್ತಾರೆ, ನಿಮಗೇನಾದರೂ ಗೊತ್ತಾ ಎಂದು ಕೇಳಿದರು. ಗೊತ್ತಿದ್ದವನು ನಾನೊಬ್ಬನೇ. ನಾನು ಹೇಳಿದ ಮಾತು ಇದು, ಹಾಗೇ ಬರೆಯುತ್ತೇನೆ: "ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ ಮೇಡಂ."

ಅವರು ಅದನ್ನು ಬರೆದುಕೊಂಡರು.

ಮತ್ತೆ ನೀನು ಮಂಕಾದೆ. ಈ ಸಲ ಮಂಜಪ್ಪನಿಗೆ ತಾಳ್ಮೆ ಇರಲಿಲ್ಲ — ರಕ್ತ ಸರಿ ಇದೆ ಎಂದು ಸಿಸ್ಟರೇ ಹೇಳಿದ್ದಾರೆ, ಕೆಲಸಕ್ಕೆ ಹೋಗಲು ಸೋಮಾರಿತನ, ಸೋಗು ಎಂದು ಕಾಲೋನಿಗೆಲ್ಲ ಕೇಳುವಂತೆ ಅಂದನಂತೆ. ಅವನ ಬಾಯಿಗೆ ಆ ಮಾತು ಕೊಟ್ಟವನು ನಾನು. ಕೊನೆಗೆ ನಿನ್ನನ್ನು ನೆಮ್ಮಾರಿನ ತವರಿಗೆ ಕಳಿಸಿಬಿಟ್ಟ. ಆಶಾ ಆಗ ಏಳನೇ ಕ್ಲಾಸು. ಬೆಳಗಿನ ಅಡಿಗೆ ಮಾಡಿ ಶಾಲೆಗೆ ಹೋಗುತ್ತಿದ್ದವಳು ಆಮೇಲೆ ಅಡಿಗೆಯನ್ನಷ್ಟೇ ಮಾಡಿದಳು.

ಮಾತ್ರೆ ಬಿಟ್ಟವರನ್ನು ಒಂದು ಸಲ ಹುಡುಕಿ ನೋಡಬೇಕು, ಒಪ್ಪಿದರೆ ಮತ್ತೆ ಶುರು ಮಾಡಬೇಕು ಎಂದು ಮೇಡಂ ಹೇಳಿದ್ದರಿಂದ ನೆಮ್ಮಾರಿಗೆ ಬಂದೆ. ನಿನಗೆ ನೆನಪಿದೆಯೋ ಇಲ್ಲವೋ. ನೀನು ಗೋಡೆಗೆ ಒರಗಿ ಕೂತಿದ್ದೆ. ತಲೆ ಬಾಚದೆ ಎಷ್ಟು ದಿನವಾಗಿತ್ತೋ. ಮಾತ್ರೆ ನನ್ನ ಚೀಲದಲ್ಲೇ ಇತ್ತು, ಗುಲಾಬಿ. ನೀನು ನನ್ನನ್ನು ನೋಡಿ ನಿಧಾನವಾಗಿ ಕೇಳಿದೆ: "ರಕ್ತ ಸರಿ ಇದೆಯಂತಲ್ಲ ಅಣ್ಣ. ಮತ್ತೆ ನಂಗೆ ಎಂತ ಆಗಿದೆ?"

ರಕ್ತ ಸರಿ ಇದೆ ಎಂದ ಮೇಲೆ ರಕ್ತದ ಮಾತ್ರೆ ಎಂದು ಹೇಗೆ ಕೊಡಲಿ? ನಿಜ ಹೇಳದೆ ಆ ಮಾತ್ರೆ ಚೀಲದಿಂದ ಹೊರಗೆ ಬರುವಂತಿರಲಿಲ್ಲ. ನಿನ್ನ ಅಣ್ಣ, ಅತ್ತಿಗೆ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ನಾನೇನು ಮಾಡಿದೆ ಗೊತ್ತೇ? ಚೀಲದ ತಳದಲ್ಲಿ ಹಳೇ ಕೆಲಸದ ಸೂಜಿ, ಗಾಜು ಉಳಿದಿದ್ದವು. ನಿನ್ನ ಬೆರಳಿಗೆ ಚುಚ್ಚಿ ಒಂದು ಹನಿ ತೆಗೆದುಕೊಂಡೆ. ಕಳಿಸಿ ನೋಡ್ತೇನೆ ಎಂದೆ. ನೀನು ಚೂರೂ ಕೈ ಎಳೆದುಕೊಳ್ಳಲಿಲ್ಲ — ಮಗುವಿನ ಹಾಗೆ ಬೆರಳು ಚಾಚಿಕೊಂಡೇ ಇದ್ದೆ. ಆ ಗಾಜು ಎಲ್ಲಿಗೂ ಹೋಗಲಿಲ್ಲ. ಕಳಿಸಲು ಅದಕ್ಕೆ ಜಾಗವೇ ಇರಲಿಲ್ಲ. ಬಸ್ಸಿಗೆ ಬರುವ ದಾರಿಯಲ್ಲಿ ತುಂಗೆಗೆ ಎಸೆದೆ.

ಅಧ್ಯಯನ ಮುಗಿದಾಗ ಒಂದು ಸಭೆ ಮಾಡಿದರು. ಅಲ್ಲಿ ಓದಿದ ವರದಿಯಲ್ಲಿ, ಈ ಭಾಗದ ಬಡವರು ತಿಳಿಸಿ ಹೇಳಿದರೂ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುತ್ತಾರೆ ಎಂಬ ಅರ್ಥದ ಮಾತು ಬಂತು. ಅದು ನನ್ನ ಮಾತೇ. ಒಳ್ಳೆ ಭಾಷೆ ಉಟ್ಟುಕೊಂಡು ಬಂದಿತ್ತು, ಅಷ್ಟೇ. ತಿಳಿಸಿ ಹೇಳಿದರೂ — ಯಾರು ತಿಳಿಸಿದ್ದರು? ಎಲ್ಲರ ಜೊತೆ ಚಪ್ಪಾಳೆ ತಟ್ಟಿ, ಊಟ ಮಾಡಿ ಮನೆಗೆ ಬಂದೆ.

ನಿನ್ನನ್ನು ಉಳಿಸಿದ್ದು ನಿನ್ನ ಅತ್ತಿಗೆ. ಮೂರು ವರ್ಷ ಕಳೆದ ಮೇಲೆ ಅವಳು ನಿನ್ನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು, ಅಲ್ಲಿ ಒಬ್ಬ ಡಾಕ್ಟರು ಕೂರಿಸಿಕೊಂಡು ಎಲ್ಲ ತಿಳಿಸಿ ಹೇಳಿದರು, ಮಾತ್ರೆಯ ಹೆಸರು, ಕಾಯಿಲೆಯ ಹೆಸರು ಎರಡೂ ಈಗ ನಿನಗೆ ಗೊತ್ತು, ವಾಸಿಯಾಗಿ ಕಾಲೋನಿಯ ಮನೆಗೆ ಮರಳಿದ್ದೀಯ — ಬೆಂಚಿನ ಮೇಲೆ ಕೂತು ನೀನೇ ಹೇಳಿದೆ. ಯಾವ ನಾಚಿಕೆಯೂ ಇಲ್ಲದೆ, ಬಸ್ಸಿಗೆ ಕಾಯುವವರ ನಡುವೆ, ಮಾಮೂಲಿ ದನಿಯಲ್ಲಿ ಹೇಳಿದೆ. ನಾನು ಹೆದರಿದ್ದ ಮಾತು ಅದೇ. ಯಾರೂ ತಿರುಗಿಯೂ ನೋಡಲಿಲ್ಲ.

ಆಮೇಲೆ ಆಶಾಳ ಮಾತು ಬಂತು. ಪೇಟೆಯ ಹೊಲಿಗೆ ಅಂಗಡಿಯಲ್ಲಿ ಕಾಜಾ, ಗುಂಡಿ ಹಾಕುತ್ತಾಳೆ ಎಂದೆ ನೀನು. "ಓದಿದ್ರೆ ಎಂತಾದ್ರೂ ಆಗ್ತಿದ್ಲು. ನನ್ನ ದೆಸೆಯಿಂದ ಬಿಟ್ಲು. ಕೊಟ್ಟ ಮಾತ್ರೆ ನಾನೇ ಬೇಡ ಅಂದೆನಲ್ಲ ಅಣ್ಣ" ಎಂದೆ. ಆಗಲಾದರೂ ಬಾಯಿ ತೆರೆಯಬೇಕಿತ್ತು. ಕೊಪ್ಪದ ಬಸ್ಸು ಬಂತು. ಹತ್ತಿಬಿಟ್ಟೆ. ಕಿಟಕಿಯ ಹತ್ತಿರ ಬಂದು ಚೀಲ ಒಳಗೆ ಕೊಟ್ಟವಳೂ ನೀನೇ.

ನಿನ್ನ ದೆಸೆಯಿಂದ ಅಲ್ಲ, ಗುಲಾಬಿ. ರಕ್ತ ಸರಿಯಾದ ಮೇಲೆ ರಕ್ತದ ಮಾತ್ರೆ ಸಾಕು ಎಂದೆ ನೀನು, ಇನ್ನೊಬ್ಬಳಿಗಾದರೂ ಆಗಲಿ ಎಂದು ತಿರುಗಿ ಕೊಟ್ಟೆ. ಬುದ್ಧಿ ಇದ್ದವರು ಮಾಡುವುದು ಅದನ್ನೇ. ತಪ್ಪು ಹೇಳಿದವನು ನಾನು, ಮುಚ್ಚಿಟ್ಟವನು ನಾನು, ನಿಮ್ಮ ಜನರ ಮೇಲೆ ಹೊರಿಸಿದವನೂ ನಾನು. ಮೇಡಂಗೆ ಇದೆಲ್ಲವನ್ನೂ ಬೇರೆ ಕಾಗದದಲ್ಲಿ ಬರೆದು ಮೊನ್ನೆ ಅಂಚೆಗೆ ಹಾಕಿದ್ದೇನೆ. ಆ ವಿಳಾಸದಲ್ಲಿ ಅವರು ಈಗ ಇದ್ದಾರೋ ಇಲ್ಲವೋ. ಆ ವರದಿಯ ಮಾತನ್ನು ಅಳಿಸಲು ಆಗುತ್ತದೋ ಇಲ್ಲವೋ, ನನಗೆ ತಿಳಿಯದು.

ನಿನ್ನ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಹೊಲಿಗೆ ಅಂಗಡಿಗೆ ರಜೆ, ಆಶಾ ಮನೆಯಲ್ಲಿರುತ್ತಾಳೆ. ನಾನೇ ತಂದು ಅವಳ ಕೈಗೆ ಕೊಡುತ್ತೇನೆ. ಏಳನೇ ಕ್ಲಾಸಿಗೇ ಬಿಟ್ಟವಳಿಗೆ ತಡೆಯದೆ ಓದಲು ಬರಲಿ ಎಂದು ಅಕ್ಷರ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದಿದ್ದೇನೆ. ಅವಳು ಓದುವಷ್ಟು ಹೊತ್ತೂ ನಿಮ್ಮ ಅಂಗಳದಲ್ಲೇ ಕೂತಿರುತ್ತೇನೆ. ಕೊನೆಯ ಬಸ್ಸು ಹೋದರೂ ಏಳುವುದಿಲ್ಲ.