ಮಸ್ಕತ್ತಿನಿಂದ ಬಂದು ಅಟ್ಟ ಖಾಲಿ ಮಾಡಿದ ದಿನ

೧೯೯೮ರ ಜೂನ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ. ಜಯನಗರದ ನಮ್ಮ ಅಡುಗೆಮನೆಯಲ್ಲಿ ಇದ್ದವರು ನಾನು, ನಮ್ಮವರು, ಗಿರಿನಗರದಿಂದ ಬಂದಿದ್ದ ನಾದಿನಿ ವಿಮಲಾ. ಮಸ್ಕತ್ತಿನಿಂದ ರಜೆಗೆ ಬಂದು ನಾಲ್ಕು ದಿನವಾಗಿತ್ತು. ಹಾಲು ಕಾಯಿಸಲು ಒಂದು ಪಾತ್ರೆ ಎಳೆದೆ, ಜೊತೆಗೆ ಐದು ನೆಲಕ್ಕೆ ಬಿದ್ದವು. ಇಪ್ಪತ್ತೈದು ವರ್ಷ ನಾನೇ ಆಳಿದ ಅಡುಗೆಮನೆ ಯಾರದೋ ಪಾತ್ರೆ ಅಂಗಡಿಯಂತೆ ಕಂಡಿತು.

ನಮ್ಮವರಿಗೆ ಮಸ್ಕತ್ತಿನಲ್ಲಿ ಕೆಲಸವಾದಾಗ ನಾನು ಮುಖ್ಯೋಪಾಧ್ಯಾಯಿನಿಯ ಹುದ್ದೆ ಬಿಟ್ಟು ಹೋದೆ. ಜೀವನವಿಡೀ ಶಾಲೆಯ ಗಂಟೆಗೆ ಎದ್ದು ಕೂತವಳಿಗೆ, ಆ ಎರಡು ಕೋಣೆಯ ಮನೆಯಲ್ಲಿ ಒಂಬತ್ತಕ್ಕೇ ಕೆಲಸ ಮುಗಿಯುತ್ತಿತ್ತು. ಮಾತನಾಡಲು ಜನವಿಲ್ಲ. ಉಳಿದ ಹಗಲನ್ನು ಏನು ಮಾಡುವುದೆಂದು ತಿಳಿಯದೆ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದೆ.

ಪಕ್ಕದ ಮನೆಯ ಜುವೈನಾ ಒಂದು ಶುಕ್ರವಾರ ಊಟಕ್ಕೆ ಕರೆದಳು. ನೆಲದ ಮೇಲೆ ಸುಫ್ರಾ, ಅಂದರೆ ಊಟಕ್ಕೆಂದೇ ಹಾಸುವ ಹಾಳೆ. ನಡುವೆ ಒಂದೇ ದೊಡ್ಡ ಹರಿವಾಣ. ಏಳು ಜನ ಅದರಿಂದಲೇ ಉಂಡರು. ಎಂಜಲು ಮುಸುರೆ ನೋಡಿಕೊಂಡು ಬೆಳೆದ ನನಗೆ ಬೇರೆ ತಟ್ಟೆಯಲ್ಲಿ ಅನ್ನ, ಬೇಳೆ ಕೊಟ್ಟಳು. ಕೊನೆಗೆ ನಾವು ಬಾಳೆಲೆ ಮಡಿಸಿದಂತೆ ಹಾಳೆ ಸುತ್ತಿ ಎಸೆದರು. ತೊಳೆಯಲು ಹೆಚ್ಚೇನೂ ಉಳಿಯಲಿಲ್ಲ. ನಾನು ಗಡಿಯಾರ ನೋಡಿ ಎದ್ದರೆ ಜುವೈನಾ 'ಶ್ವೈ ಶ್ವೈ' ಎಂದಳು, ನಿಧಾನ, ಎಂದು. ಮೂರು ವರ್ಷದಲ್ಲಿ ನಾನೂ ಮೂರೇ ಪಾತ್ರೆಯಲ್ಲಿ ಅಡುಗೆ ಮಾಡಲು ಕಲಿತೆ. ಸಂಜೆ ಸಮುದ್ರದ ದಂಡೆಯಲ್ಲಿ ನಡೆಯಲು ಹೊತ್ತು ಸಿಕ್ಕಿತು. ನಡೆಯುವಾಗ ನೆನಪಾಗುತ್ತಿದ್ದದ್ದು ಮಾತ್ರ ಜಯನಗರದ ಮರಗಳ ನೆರಳು, ಬೀದಿಯಲ್ಲಿ ಹೂವಿನವಳ ಕೂಗು.

ಹಾಗಾಗಿ ಆ ಭಾನುವಾರ, ವಿಮಲಾ ತರಕಾರಿಗೆ ಹೋದಾಗ, ಅಟ್ಟದ ಪಾತ್ರೆಗಳನ್ನು ಇಳಿಸತೊಡಗಿದೆ.

"ಅಂಗಡಿ ತೆಗೀತೀಯೇನೆ?" ಎಂದರು ನಮ್ಮವರು.

"ನೀವು ಸ್ಟೂಲ್ ಬಿಡ್ಬೇಡಿ, ಅಷ್ಟು ಸಾಕು."

ಅಳತೆ ನೋಡಿ ಎರಡು ಗುಡ್ಡೆ ಮಾಡಿದೆ, ಇಟ್ಟುಕೊಳ್ಳುವುದು ಮತ್ತು ಕೊಡುವುದು. ಹತ್ತಕ್ಕೆ ಶೈಲಾ ಬಂದಳು. ಬಿಜಾಪುರದ ಕಡೆಯವಳು, ವಿಮಲಾಳ ಕಚೇರಿಗೆ ಹೊಸದಾಗಿ ಸೇರಿ ಬಿಟಿಎಂ ಲೇಔಟಿನಲ್ಲಿ ಸಂಸಾರ ಹೂಡಿದ್ದಳು. ಬೆಳಿಗ್ಗೆ ಪಾತ್ರೆ ಬಿದ್ದಾಗ ಹೆಚ್ಚಿನವನ್ನು ಕೊಟ್ಟುಬಿಡುತ್ತೇನೆ ಎಂದಿದ್ದೆ; ಪಾತ್ರೆ ಬೇಕಾದರೆ ಬಾ ಎಂದು ವಿಮಲಾಳೇ ಫೋನ್ ಮಾಡಿ ಕರೆದಿದ್ದಳು.

ಶೈಲಾ ಒಂದು ಪಾತ್ರೆಯ ಅಂಚು ಓದಿ, ಆಗಷ್ಟೇ ತರಕಾರಿ ಚೀಲ ಹಿಡಿದು ಬಂದ ವಿಮಲಾಳನ್ನು ಕೇಳಿದಳು. "ವಿಮಲಾ ಅಂತ ಐತ್ರಿ ಮೇಡಂ. ನಿಮ್ದೇನ್ರಿ ಇದು?"

ವಿಮಲಾ ಬಾಗಿಲಲ್ಲೇ ನಿಂತಳು. ಕೊಡುವ ಗುಡ್ಡೆಯ ಎಂಟು ಪಾತ್ರೆಗಳ ಮೇಲೆ ಅವಳ ಹೆಸರಿತ್ತು. ಅವಳ ಮದುವೆಗೆಂದು ನಮ್ಮತ್ತೆ ಪ್ರತಿ ಗೌರಿಹಬ್ಬಕ್ಕೆ ಒಂದೊಂದು ಕೊಂಡು, ಹೆಸರು ಕೊರೆಸಿ ಇಟ್ಟಿದ್ದರು. ಮದುವೆಯಾಗಲಿಲ್ಲ. ಅತ್ತೆ ಹೋದರು, ಪಾತ್ರೆ ಉಳಿದವು. ನನಗೆ ಗೊತ್ತಿದ್ದ ವಿಷಯವೇ. ಅಚ್ಚುಕಟ್ಟು ಮಾಡುವ ಭರದಲ್ಲಿ ಹೆಸರು ನೋಡಿರಲಿಲ್ಲ.

"ಕೇಳ್ದೆ ಕೊಡೋಕೆ ಇಟ್ಬಿಟ್ರಾ ಅತ್ತಿಗೆ?"

"ತಪ್ಪಾಯ್ತು ವಿಮಲಾ. ವಾಪಸ್ ಮೇಲಿಡ್ತೀನಿ."

ನಾವಿಲ್ಲದ ಮೂರು ವರ್ಷ ಈ ಮನೆಗೆ ದೀಪ ಹಚ್ಚಿದವಳು ಅವಳು. ಇನ್ನು ಈ ಮೆಟ್ಟಿಲು ಹತ್ತುತ್ತಾಳೋ ಇಲ್ಲವೋ ಎಂದುಕೊಳ್ಳುತ್ತ ಅವಳ ಪಾತ್ರೆಗಳನ್ನು ಗುಡ್ಡೆಯಿಂದ ಬೇರೆ ಮಾಡಿದೆ. ಅವಳು ಒಂದು ಪಾತ್ರೆಯ ಧೂಳನ್ನು ಸೆರಗಿನಲ್ಲಿ ಒರೆಸಿದಳು.

"ಮೇಲಿಟ್ಟು ಏನ್ಮಾಡೋದು? ಒಂದಿನಾನೂ ಒಲೆ ಕಂಡಿಲ್ಲ ಇವು." ಶೈಲಾಳ ಕಡೆ ತಿರುಗಿದಳು. "ತಗೊಂಡೋಗು. ಯಾರಾದ್ರೂ ಕೇಳಿದ್ರೆ ಅಕ್ಕ ಕೊಟ್ಲು ಅನ್ನು."

"ಎಲ್ಲಾ ಬ್ಯಾಡ್ರಿ, ನಾವಿರೋದ ಒಂದ ಖೋಲಿಯೊಳಗ. ನಾಕ ಸಾಕು. ಉಳಿದದ್ದು ನೀವ ಒಯ್ರಿ, ಬಂದಾಗ ಅದರಾಗ ಚಾ ಮಾಡಿಕೊಡ್ರಿ."

"ಕಾಫಿ ಕೊಡ್ತೀನಿ. ಚಾ ಬೇಕಾದ್ರೆ ನೀನೇ ಮಾಡ್ಕೋ," ಎಂದು ವಿಮಲಾ ನಕ್ಕಳು.

ಊಟದ ನಂತರ ವಿಮಲಾ ಉಳಿದ ನಾಲ್ಕರಲ್ಲಿ ಮೂರನ್ನು ತನ್ನ ಚೀಲಕ್ಕೆ ಹಾಕಿಕೊಂಡು, ಒಂದನ್ನು ನನ್ನ ಕೈಗಿಟ್ಟಳು. "ಇದು ಮಸ್ಕತ್ತಿಗೆ. ಇಲ್ಲಾಂದ್ರೆ ನಮ್ಮನ್ನೂ ಜಾಸ್ತಿ ಸಾಮಾನು ಅಂತ ಬಿಟ್ಬಿಡ್ತೀರ."

ಅಲ್ಲಿದ್ದಾಗ ಈ ಮನೆಗಾಗಿ ಹಂಬಲಿಸುತ್ತೇನೆ, ಇಲ್ಲಿಗೆ ಬಂದರೆ ಅಲ್ಲಿಯ ಬರಿಗೋಡೆ ಬೇಕೆನಿಸುತ್ತದೆ. ಅವಳನ್ನು ಬಸ್ಸು ಹತ್ತಿಸಿ ಬಂದು, ಅಟ್ಟವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪಾತ್ರೆಯನ್ನು ಸೂಟ್‌ಕೇಸಿನಲ್ಲಿ ಎರಡು ಸೀರೆಗಳ ನಡುವೆ ಇಟ್ಟೆ.