ಕಳೆದುಹೋದ ತೂಕದ ಬಟ್ಟುಗಳು

ತೂಕದ ಯಂತ್ರ ಹತ್ತುವವರೆಲ್ಲ ಚಪ್ಪಲಿ ಬಿಡುತ್ತಾರೆ. ನೀವೂ ಬಿಡುತ್ತೀರಿ, ಸಂಕೋಚ ಬೇಡ. ನನ್ನಲ್ಲಿಗೆ ಬರುವ ತಾಂಡವಪುರದ ಅಜ್ಜಿಯೊಬ್ಬರು ಚಪ್ಪಲಿಯ ಜೊತೆಗೆ ಕನ್ನಡಕವನ್ನೂ ತೆಗೆದಿಟ್ಟು, ಬಾಯಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ಉಗಿದು ಬಂದು, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಯಂತ್ರದೆದುರು ಮನುಷ್ಯಮಾತ್ರರೆಲ್ಲ ಕಡಿಮೆಯಾಗಲು ಹವಣಿಸುತ್ತಾರೆ ಎಂಬುದು ನನ್ನ ಹಲವು ವರ್ಷಗಳ ಸಂಶೋಧನೆಯಾಗಿತ್ತು. ಹೆಚ್ಚಾಗಿ ಕಾಣಲು ಭಾರ ಹೊತ್ತು ಹತ್ತುವವರೂ ಉಂಟೆಂದು ನನಗೆ ತಿಳಿಯುವ ಹೊತ್ತಿಗೆ ಒಂದು ಜೀವ ಕೈಜಾರುವುದರಲ್ಲಿತ್ತು.

ನಾನು ಆಹಾರತಜ್ಞೆ. ವಾಸ ನಂಜನಗೂಡು, ವಾರಕ್ಕೊಮ್ಮೆ ತಿ. ನರಸೀಪುರದ ಆಸ್ಪತ್ರೆಯೊಂದರಲ್ಲಿ ಕೂರುತ್ತೇನೆ. ನನ್ನ ದೇಹವಿಸ್ತಾರವನ್ನು ಕಂಡ ಹೊಸಬರು "ಡಯಟ್ ಮೇಡಂ ಎಲ್ಲವ್ರೆ?" ಎಂದು ನನ್ನನ್ನೇ ಕೇಳುವುದುಂಟು. ನಾನು ವಿಶೇಷವಾಗಿ ಕಲಿತದ್ದು, ಊಟವನ್ನೇ ಶತ್ರುವೆಂದು ಬಗೆದು ಸೊರಗುವ ಕಾಯಿಲೆಯವರಿಗೆ ಮತ್ತೆ ಉಣ್ಣಲು ಕಲಿಸುವುದನ್ನು. ಇದನ್ನು ವಿವರಿಸಿದಾಗ ನೆರೆಮನೆಯಾಕೆ ಬಹಳ ಹೊತ್ತು ಯೋಚಿಸಿ, "ಉಣ್ಣಕ್ಕೂ ಟ್ಯೂಷನ್ನಾ?" ಎಂದಿದ್ದರು.

ಚೈತ್ರ ಸೋಸಲೆಯ ಹುಡುಗಿ, ಪದವಿಯ ಎರಡನೆಯ ವರ್ಷ. ಒಂದು ಇಡ್ಲಿಯನ್ನು ಹದಿನಾರು ತುಂಡು ಮಾಡಿ ಹದಿನಾಲ್ಕನ್ನು ಬೀದಿನಾಯಿಗೆ ತಲುಪಿಸುವುದರಲ್ಲಿ ನಿಷ್ಣಾತೆ. "ವಾರವಾರವೂ ತೂಕ ಏರಿದರೆ ಮನೆಯಲ್ಲೇ ಚಿಕಿತ್ಸೆ, ಇಲ್ಲದಿದ್ದರೆ ಮೈಸೂರಿನ ದೊಡ್ಡಾಸ್ಪತ್ರೆಗೆ ದಾಖಲು," ಎಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಎದುರಿಗೆ ಪರೀಕ್ಷೆ, ದಾಖಲಾಗಲು ಹುಡುಗಿಗೆ ಮನಸ್ಸಿಲ್ಲ. ಅವಳ ತಂದೆ ಮಾದೇವಣ್ಣನಿಗೆ ಬಸ್ ಸ್ಟ್ಯಾಂಡಿನ ಬಳಿ ತರಕಾರಿ ಅಂಗಡಿ. ಊರೆಲ್ಲ ವಿದ್ಯುತ್ ತಕ್ಕಡಿಗೆ ಶರಣಾದರೂ ಅವರದು ಮಾತ್ರ ಎರಡು ತಟ್ಟೆಯ ತಕ್ಕಡಿ, ಕಬ್ಬಿಣದ ತೂಕದ ಬಟ್ಟುಗಳು.

ಮೊದಲ ವಾರ ಚೈತ್ರಳ ತೂಕ ಕೊಂಚ ಏರಿತು. ನಾನು ಹಿಗ್ಗಿದೆ. ಹೊರಗೆ ಕಾದಿದ್ದ ಮಾದೇವಣ್ಣ ಒಂದು ಕಟ್ಟು ದಂಟಿನಸೊಪ್ಪನ್ನು ನನ್ನ ಮೇಜಿನ ಮೇಲಿಟ್ಟು ಲೋಕಾಭಿರಾಮವಾಗಿ ಹೇಳಿದರು: "ಅಂಗ್ಡೀಲಿ ಅರ್ಧ ಕೇಜಿ ಬಟ್ಟು ಕಾಣ್ತಿಲ್ಲ ಕಣ್ ಮೇಡಂ. ಯಾವನೋ ಒತ್ಕಂಡೋಗವ್ನೆ."

ಎರಡನೆಯ ವಾರ ತೂಕ ಇನ್ನಷ್ಟು ಏರಿತು. ನಾನು ನರ್ಸುಗಳನ್ನು ಗುಡ್ಡೆಹಾಕಿಕೊಂಡು ನನ್ನ ಚಿಕಿತ್ಸಾಕ್ರಮದ ಸೂಕ್ಷ್ಮಗಳ ಬಗ್ಗೆ ಪುಟ್ಟ ಉಪನ್ಯಾಸವನ್ನೇ ಕೊಟ್ಟೆ. ಮಾದೇವಣ್ಣ ಈ ಸಲ ಬದನೆಕಾಯಿ ತಂದಿದ್ದರು. "ಒಂದು ಕೇಜೀದೂ ಓಯ್ತು ಮೇಡಂ. ಕದ್ರೆ ಟೊಮೇಟೊ ಕದೀಲಿ, ಬಟ್ಟು ತಕ್ಕಂಡು ಏನ್ ಸಾರು ಮಾಡಾನು?"

ಓದಿದವಳಲ್ಲವೇ, ಉಪಾಯ ಹೇಳದಿದ್ದರೆ ಹೇಗೆ? "ಅಂಗಡಿಗೊಂದು ಕ್ಯಾಮೆರಾ ಹಾಕಿಸಿ," ಎಂದೆ. ಅಂಗಡಿಯಲ್ಲಿ ಕಳೆಯುತ್ತಿದ್ದುದೂ ನನ್ನ ಚೀಟಿಯಲ್ಲಿ ಏರುತ್ತಿದ್ದುದೂ ಒಂದೇ ಎಂದು ಹೊಳೆಯಲಿಲ್ಲ. ಕಳ್ಳಿ ಪಕ್ಕದಲ್ಲೇ ಕೂತು ಉಗುರು ನೋಡಿಕೊಳ್ಳುತ್ತಿದ್ದಳು. ಆ ಉಗುರುಗಳು ನೀಲಿಗಟ್ಟಿದ್ದವು. ಅದನ್ನು ನಾನು ನೋಡಿದ್ದೆ. ನೋಡಿಯೂ ಯಂತ್ರವನ್ನೇ ನಂಬಿದೆ. ಇಂದಿಗೂ ಬಸ್ಸಿನಲ್ಲಿ ಕೂತಾಗ, ಸಾರಿಗೆ ಉಪ್ಪು ಹಾಕುವಾಗ, ಆ ಉಗುರುಗಳೇ ಕಣ್ಣಮುಂದೆ ಬರುತ್ತವೆ.

ಮೂರನೆಯ ವಾರ ಅವಳು ಯಂತ್ರದವರೆಗೂ ಬರಲಿಲ್ಲ. ಬಾಗಿಲಲ್ಲೇ ಗೋಡೆಗೆ ಒರಗಿ, ಕುಸಿದಳು. ಸೊಂಟಕ್ಕೆ ಬಿಗಿದಿದ್ದ ಬಟ್ಟೆ ಬಿಚ್ಚಿ ಎರಡು ಕೇಜಿಯ ಬಟ್ಟೊಂದು ಠಣ್ಣೆಂದು ನೆಲಕ್ಕೆ ಬಿದ್ದು, ಉರುಳಿಕೊಂಡು ಬಂದು ನನ್ನ ಮೇಜಿನ ಕಾಲಿಗೆ ತಾಗಿ ನಿಂತಿತು. ನಾಡಿ ಹಿಡಿದ ಹಿರಿಯ ನರ್ಸು ತಲೆಯೆತ್ತದೆ, "ಗಾಡಿ ತೆಗೀರಿ," ಎಂದರು.

ಮೈಸೂರಿನವರೆಗೂ ಆಂಬ್ಯುಲೆನ್ಸಿನಲ್ಲಿ ನಾನು ಹುಡುಗಿಯ ತಣ್ಣಗಿನ ಪಾದ ಹಿಡಿದು ಕೂತಿದ್ದೆ. ಎದುರಿಗೆ ಮಾದೇವಣ್ಣ ಆ ಬಟ್ಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ಕೆಳಗಿಡಿ ಎನ್ನಲು ಯಾರಿಗೂ ತೋಚಲಿಲ್ಲ. ದಾರಿಯಲ್ಲಿ ಒಂದೇ ಒಂದು ಸಲ ಅವರು ಬಾಯಿ ಬಿಟ್ಟರು. "ಸಿಕ್ತು ಮೇಡಂ," ಎಂದರು.

ಚೈತ್ರ ಬದುಕಿದಳು. ಪರೀಕ್ಷೆ ತಪ್ಪಿತು, ದೊಡ್ಡಾಸ್ಪತ್ರೆಯಲ್ಲಿ ತುತ್ತುತುತ್ತಾಗಿ ಉಣ್ಣಲು ಕಲಿತಳು. ಕೆಲವು ತಿಂಗಳ ಮೇಲೆ ಮತ್ತೆ ನನ್ನಲ್ಲಿಗೇ ಬಂದಳು. ಈಗ ನನ್ನ ಕೋಣೆಯಲ್ಲಿ ತೂಕಕ್ಕೆ ಬರುವವರಿಗೆ ಆಸ್ಪತ್ರೆಯ ತೆಳುನಿಲುವಂಗಿಯುಂಟು, ಮರೆಗೆ ಪರದೆಯುಂಟು. ಅದಕ್ಕೂ ಮೊದಲು ನಾನು ಕೈ ಹಿಡಿದು ಉಗುರು ನೋಡುತ್ತೇನೆ, ನಾಡಿ ನೋಡುತ್ತೇನೆ, ಮುಖ ನೋಡುತ್ತೇನೆ. ಯಂತ್ರದ ಸರದಿ ಕೊನೆಗೆ.

ಚೈತ್ರ ಮರಳಿ ಬಂದ ದಿನ ಪರದೆಯಾಚೆಯಿಂದ ಮಾದೇವಣ್ಣ ಕೂಗಿದರು: "ನಮ್ ಬಟ್ಟುಗಳೆಲ್ಲಾ ಅಂಗ್ಡೀಲೇ ಅವೆ ಮೇಡಂ, ನೋಡ್ಕಂಡೇ ಬಂದಿವ್ನಿ."

"ಅಪ್ಪಾ, ಸುಮ್ನಿರು," ಎಂದ ಚೈತ್ರಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಚಪ್ಪಲಿ ಬಿಟ್ಟು, ಅಂಕಿಗೆ ಬೆನ್ನು ಮಾಡಿ ಯಂತ್ರದ ಮೇಲೆ ನಿಂತಳು. ನನ್ನ ಉಪನ್ಯಾಸದ ದಿನಕ್ಕಿಂತ ಅಂಕಿ ತುಸು ಕಡಿಮೆಯೇ ಇತ್ತು. ಆದರೆ ಈ ಸಲದ್ದೆಲ್ಲವೂ ಅವಳದೇ. ಉಸಿರು ಬಿಗಿಹಿಡಿದು ನಿಂತಿದ್ದವಳು ಮಾತ್ರ ನಾನು.