ತಿಳಿಸಬೇಕಾಗಿಲ್ಲ ಎಂದು ಬರೆದವರು

ಕ್ಷಮಾದಾನ ಮಂಡಳಿಯ ಕಾನೂನು ಸಲಹೆಗಾರರಿಗೆ ಕಚೇರಿಯಲ್ಲಿ 'ಪೂರ್ಣವಿರಾಮ' ಎಂಬ ಅಡ್ಡಹೆಸರಿತ್ತು. ಅವರು ಬಾಯಿ ಬಿಟ್ಟರೆ ಚರ್ಚೆ ಮುಗಿಯಿತೆಂದೇ ಅರ್ಥ. "ಅಲ್ಲಿ ಪೂರ್ಣವಿರಾಮ, ಮನೇಲಿ ಬರೀ ಅಲ್ಪವಿರಾಮ" ಎಂದು ಹೆಂಡತಿ ನಗುತ್ತಿದ್ದರು.

ಶಿಕ್ಷೆ ಕಡಿಮೆ ಮಾಡಿ ಎಂದು ಕೈದಿಗಳು ಅರ್ಜಿ ಹಾಕಿದರೆ ಮಂಡಳಿ ಒಬ್ಬೊಬ್ಬರದನ್ನೇ ಕೂತು ನೋಡುತ್ತಿತ್ತು. ನೊಂದವರ ಮನೆಯವರನ್ನು ಕರೆಸಿ ಕೇಳುವ ವಿಷಯದಲ್ಲಿ ಸಲಹೆಗಾರರು ಬಹಳ ಬಿಗಿ. ಬೀದಿಜಗಳವೊಂದರಲ್ಲಿ ಗಂಡನನ್ನು ಕಳೆದುಕೊಂಡಿದ್ದ ಟೈಲರಮ್ಮ ಒಮ್ಮೆ ವಿಚಾರಣೆಗೆ ಬಂದು, ಕುರ್ಚಿಯ ತುದಿಯಲ್ಲೇ ಕೂತಿದ್ದರು. ಸಲಹೆಗಾರರೇ ನೀರಿನ ಲೋಟ ಮುಂದಿಟ್ಟು, "ನಿಮ್ಮನ್ನ ಕೇಳ್ದೆ ಅವನನ್ನ ಬಿಡಲ್ಲಮ್ಮ, ಧೈರ್ಯವಾಗಿರಿ" ಎಂದಿದ್ದರು. ಆ ಸಲ ಕೊಂದವನ ಅರ್ಜಿ ತಿರಸ್ಕೃತವಾಯಿತು.

ಆಮೇಲೆ ದೇಶಕ್ಕೆ ಹೊಸ ಅಧ್ಯಕ್ಷರು ಬಂದರು. ಜೈಲುಗಳು ತುಂಬಿ ತುಳುಕುತ್ತಿದ್ದವು. ಅರ್ಧ ಶಿಕ್ಷೆ ಮುಗಿಸಿದವರನ್ನೆಲ್ಲ ಒಂದೇ ಆದೇಶದಲ್ಲಿ ಬಿಡುವುದಾಗಿ ಅವರು ಟಿವಿಯಲ್ಲಿ ಘೋಷಿಸಿದರು. ಮಂಡಳಿಗೆ ಸುದ್ದಿ ಗೊತ್ತಾದದ್ದೂ ಟಿವಿಯಿಂದಲೇ. ಮರುದಿನ ಜೈಲು ಇಲಾಖೆಯಿಂದ ಫೋನಿನ ಮೇಲೆ ಫೋನು. ಮನೆಯಿಲ್ಲದವರನ್ನು ಎಲ್ಲಿಗೆ ಕಳಿಸುವುದು, ಪೊಲೀಸರಿಗೆ ಹೇಳುವವರು ಯಾರು ಎಂದು ಒಂದೇ ಸಮನೆ ಕೇಳಿದರು.

ಕಾರ್ಯದರ್ಶಿ ಸಲಹೆಗಾರರನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಮಂಡಳಿಯ ಮನೋವೈದ್ಯೆಯೂ ಅಲ್ಲಿದ್ದರು.

"ನೊಂದವರ ಮನೆಯವರಿಗೆಲ್ಲ ತಿಳಿಸ್ತಾ ಕೂತ್ರೆ ಇದು ಮುಗಿಯೋ ಕೆಲಸ ಅಲ್ಲ. ತಿಳಿಸ್ಲೇಬೇಕಾ?" ಕಾರ್ಯದರ್ಶಿ ಕೇಳಿದರು.

"ಒಬ್ಬೊಬ್ಬರ ಅರ್ಜಿ ಬಂದಾಗ ತಿಳಿಸ್ಬೇಕು. ಇದು ಗುಂಪಿಗೆ ಕೊಡೋ ಕ್ಷಮೆ. ಇದರ ಬಗ್ಗೆ ಕಾನೂನು ಏನೂ ಹೇಳಿಲ್ಲ."

"ಹೇಳಿಲ್ಲ ಅಂದ್ರೆ ಬೇಡ ಅಂತಾನಾ?" ಎಂದರು ವೈದ್ಯೆ.

ಸಲಹೆಗಾರರು ಅವರ ಮುಖ ನೋಡಲಿಲ್ಲ. ಕಾರ್ಯದರ್ಶಿಗೆ ಬೇಕಾದ ಉತ್ತರ ಯಾವುದೆಂದು ಸಲಹೆಗಾರರಿಗೆ ಗೊತ್ತಿತ್ತು. ಹೊಸ ಸರ್ಕಾರದಲ್ಲಿ ತಮ್ಮ ಕುರ್ಚಿ ಉಳಿಯುವುದೋ ಇಲ್ಲವೋ ಎಂಬುದೂ ತಲೆಯಲ್ಲಿ ಕೊರೆಯುತ್ತಿತ್ತು. ತಿಳಿಸಬೇಕಾಗಿಲ್ಲ ಎಂದು ಅಭಿಪ್ರಾಯ ಬರೆದುಕೊಟ್ಟರು. ವೈದ್ಯೆ ತಮ್ಮ ಒಪ್ಪಿಗೆಯಿಲ್ಲವೆಂದು ಹೇಳಿ ಎದ್ದುಹೋದರು.

ಬಿಡುಗಡೆ ಶುರುವಾಯಿತು. ಹೋಗಲು ಜಾಗವಿಲ್ಲದ ಕೆಲವರು ಜೈಲಿನ ಗೋಡೆಯ ಹೊರಬದಿಯಲ್ಲೇ ಬಟ್ಟೆಗಂಟು ತಲೆಗಿಟ್ಟು ಮಲಗಿದರು. ಒಂದು ಬೆಳಿಗ್ಗೆ ಟೈಲರಮ್ಮ ಕಚೇರಿಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಿನ್ನೆ ಗುಂಡಿ, ದಾರ ತರೋಕೆ ಅಂಗಡಿಗೆ ಹೋಗಿದ್ದೆ ಸಾರ್. ಮಗಳೂ ಜೊತೆಗಿದ್ಲು. ಅವನು ಅಲ್ಲೇ ನಿಂತಿದ್ದ. ನಿನ್ನ ಗಂಡನ್ನ ಕೊಂದುಬಿಟ್ಟೆ, ಕ್ಷಮಿಸಮ್ಮ ಅಂತ ಎಲ್ಲರ ಎದುರಿಗೆ ಕೈ ಮುಗಿದು ಅತ್ತ. ನಿಜವಾಗ್ಲೂ ಅತ್ತ, ಸುಳ್ಳು ಹೇಳಬಾರದು."

ಸಲಹೆಗಾರರು ಕೈಲಿದ್ದ ಪೆನ್ನು ಕೆಳಗಿಟ್ಟರು.

"ಅಪ್ಪ ಕಾಯಿಲೆ ಬಂದು ಹೋದ್ರು ಅಂತ ಮಗಳಿಗೆ ಹೇಳ್ಕೊಂಡು ಬಂದಿದ್ದೆ. ದೊಡ್ಡೋಳಾದ್ಮೇಲೆ ನಾನೇ ಪಕ್ಕದಲ್ಲಿ ಕೂರಿಸ್ಕೊಂಡು ಹೇಳೋಣ ಅಂತಿದ್ದೆ. ಈಗ ಗುಂಡಿ ಅಂಗಡೀಲಿ ಗೊತ್ತಾಯ್ತು ಅವಳಿಗೆ. ನಿನ್ನೆಯಿಂದ ನನ್ನ ಹತ್ರ ಮಾತಾಡ್ತಿಲ್ಲ."

"ಅದು ಸರ್ಕಾರದ ತೀರ್ಮಾನ ಅಮ್ಮ..."

"ಬಿಟ್ಟಿದ್ದು ಸರ್ಕಾರ. ಬಿಡ್ಲಿ. ನನಗೆ ತಿಳಿಸೋದು ಬೇಡ ಅಂದಿದ್ದು ಯಾರು?"

'ಮೇಲಿನವರು' ಎಂದುಬಿಟ್ಟಿದ್ದರೆ ಆಕೆ ನಂಬುತ್ತಿದ್ದರು. ಸಲಹೆಗಾರರ ನಾಲಿಗೆಯ ತುದಿಗೆ ಆ ಮಾತು ಬಂದೂ ಇತ್ತು.

"ನಾನೇ" ಎಂದರು.

ಟೈಲರಮ್ಮ ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದರು. ಪಕ್ಕದ ಮೇಜಿನ ಗುಮಾಸ್ತ ತಲೆ ತಗ್ಗಿಸಿ ಏನೋ ಹುಡುಕುವವನಂತೆ ನಟಿಸಿದ.

ಮಧ್ಯಾಹ್ನ ಸಲಹೆಗಾರರು ಕಾರ್ಯದರ್ಶಿಯ ಬಳಿ ಹೋಗಿ, ಮುಂದಿನ ತಂಡವನ್ನು ಬಿಡುವ ಮೊದಲಾದರೂ ಮನೆಯವರಿಗೆ ತಿಳಿಸೋಣ ಎಂದರು.

"ಬೇಡ ಅಂತ ನೀವೇ ಬರ್ಕೊಟ್ಟಿದ್ದೀರಲ್ಲ ಸ್ವಾಮಿ. ಬಿಡುಗಡೆ ವಿರುದ್ಧ ಕೇಸು ಬಿದ್ದಾಗ ಕೋರ್ಟಲ್ಲೂ ಅದನ್ನೇ ಹೇಳಿದ್ದೀವಿ. ಈಗ ಬೇಕು ಅಂದ್ರೆ ನಗ್ತಾರೆ."

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಸಮಾಧಾನ ಮಾಡಲಿಲ್ಲ. "ಅವ್ರು ತಿಳಿಸ್ದಿದ್ರೆ ನೀವೇ ಹೋಗಿ ಹೇಳಿ. ಕಾಲು ಗಟ್ಟಿ ಇದ್ಯಲ್ಲ" ಎಂದರು.

ಸಲಹೆಗಾರರು ರಜೆ ಹಾಕಿ, ನೊಂದವರ ವಿಳಾಸಗಳ ಪಟ್ಟಿ ಹಿಡಿದು ಹೊರಟರು. ಹೇಗೆ ಹೇಳುವುದೆಂದು ಮನೋವೈದ್ಯೆಗೆ ಫೋನ್ ಮಾಡಿದಾಗ ಅವರು, "ಸುತ್ತಿ ಬಳಸಿ ಹೇಳ್ಬೇಡಿ. ಅವ್ರು ಕೂತ್ಮೇಲೆ ಹೇಳಿ" ಎಂದಷ್ಟೇ ಹೇಳಿದರು. ಕೆಲವು ಮನೆಗಳಿಗೆ ಬೀಗ ಬಿದ್ದಿತ್ತು. ಒಂದು ಮನೆಯವರು ಮಾತು ಮುಗಿಯುವ ಮುನ್ನವೇ ಬಾಗಿಲು ಹಾಕಿಕೊಂಡರು. ಮಗನನ್ನು ಕಳೆದುಕೊಂಡಿದ್ದ ಮುದುಕಿಯೊಬ್ಬರು ಮಾತ್ರ ಎಲ್ಲವನ್ನೂ ಕೇಳಿ, ಕಣ್ಣೊರೆಸಿಕೊಂಡು ಟೀ ತಂದಿಟ್ಟರು.

"ಸರ್ಕಾರ ನಮ್ಮನ್ನ ಮರೆತಿಲ್ಲ ನೋಡಪ್ಪ. ನಿಮ್ಮಂಥ ದೊಡ್ಡೋರನ್ನೇ ಕಳಿಸಿದೆ."

"ಸರ್ಕಾರ ಕಳಿಸಿಲ್ಲಮ್ಮ. ತಿಳಿಸೋದು ಬೇಡ ಅಂತ ಬರೆದೋನೇ ನಾನು."

ಮುದುಕಿ ಅರ್ಥವಾಗದವರಂತೆ ನೋಡಿದರು. ಆಮೇಲೆ ಅರ್ಥವಾಯಿತು. "ಆರೋಗುತ್ತೆ, ಕುಡೀರಿ" ಎಂದು ಹೇಳಿ ಒಳಗೆ ಹೋದವರು, ಸಲಹೆಗಾರರು ಹೊರಡುವವರೆಗೂ ಆಚೆ ಬರಲಿಲ್ಲ.

ಅದೇ ವರ್ಷ ಮಂಡಳಿಯನ್ನು ಮುಚ್ಚಿದರು. ಸಲಹೆಗಾರರನ್ನು ನೀರು ಸರಬರಾಜು ಇಲಾಖೆಗೆ ಹಾಕಿದರು. ಟೈಲರಮ್ಮನ ಮಗಳು ಈಗ ಅಮ್ಮನ ಪಕ್ಕ ಕೂತು ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುತ್ತಾಳೆ, ಇಬ್ಬರೂ ಮಾತಾಡುತ್ತಿದ್ದರು ಎಂದು, ಅವರ ಹೊಲಿಗೆ ಅಂಗಡಿಯ ಬೀದಿಯಲ್ಲಿ ಹಾದುಬಂದ ಹೆಂಡತಿ ಒಂದು ದಿನ ಹೇಳಿದರು. ತಾಯಿ ಮಗಳು ಏನು ಮಾತಾಡುತ್ತಿದ್ದರು ಎಂದು ಕೇಳಬೇಕೆಂದುಕೊಂಡರೂ ಸಲಹೆಗಾರರು ಕೇಳಲಿಲ್ಲ. ಆ ಬೀದಿಯಲ್ಲಿ ಅವರು ಮತ್ತೆ ಯಾವತ್ತೂ ಓಡಾಡಲಿಲ್ಲ.